ಬಿಗಿದ ಹಗ್ಗ

ಗ್ಲಿವಿತ್ಸೆ ಕಾಲುವೆಯ ನಾಲ್ಕನೆಯ ಲಾಕಿನಲ್ಲಿ ಎರಡು ಗೇಟುಗಳ ನಡುವೆ ದೋಣಿ ನಿಲ್ಲಿಸಿಕೊಂಡು, ತೂಬಿನಿಂದ ಅಲ್ಲಿನ ನೀರು ಹೊರಬಿಟ್ಟು ಅದನ್ನು ಕಾಲುವೆಯ ಕೆಳಮಟ್ಟಕ್ಕಿಳಿಸುವುದು ತ್ರೂದಾಳ ಕೆಲಸ. ಕಲ್ಲಿದ್ದಲು ದೋಣಿಯ ಎರ್ವಿನ್ ಅವಳ ಒಡಹುಟ್ಟಿದ ತಮ್ಮ. ಅಮ್ಮನನ್ನು ಮಣ್ಣು ಮಾಡಿ ಬಂದ ದಿನ, ಅಕ್ಕ ಬೇಯಿಸಿದ ಎಲೆಕೋಸಿಗೆ ಉಪ್ಪು ಜಾಸ್ತಿಯೆಂದು ಹತ್ತು ಜನರ ಮುಂದೆ ಆಡಿಬಿಟ್ಟ. ಅಂದಿನಿಂದ ಮೂರು ವರ್ಷ ಮಾತಿಲ್ಲ. ನಾನಾಗಿ ಮಾತಾಡಿದರೆ ನನ್ನ ಹೆಸರು ತ್ರೂದಾ ಅಲ್ಲ ಎಂದು ಅವಳು ಊರಿಗೆಲ್ಲ ಸಾರಿದ್ದಳು. ಹಟಕ್ಕೆ ಇಬ್ಬರೂ ಆ ಅಮ್ಮನ ಮಕ್ಕಳೇ.

ಇವತ್ತೂ ಅವನು ದೋಣಿಯ ಮೇಲಿಂದಲೇ ದಡದ ಗೂಟಕ್ಕೆ ಹಗ್ಗ ಸುತ್ತಿ, ತುದಿ ಹಿಡಿದು, ಆ ಕಡೆ ಮುಖ ಮಾಡಿ ನಿಂತ. ನೀರು ಇಳಿದಷ್ಟೂ ಹಗ್ಗ ಸಡಿಲಿಸಬೇಕು. ನೀರೇನೋ ಇಳಿಯಿತು, ಹಗ್ಗ ಬಿಗಿದು ಕರಕರ ಎಂದಿತು. ದೋಣಿ ಪಕ್ಕಕ್ಕೆ ವಾಲಿತು.

ತ್ರೂದಾ ತೂಬು ಮುಚ್ಚಿದಳು. "ಲೋ ಕತ್ತೆ, ಹಗ್ಗ ಬಿಡೋ. ಅಲ್ಲೇ ನೇತಾಡ್ತೀಯಾ?"

ಎರ್ವಿನ್ ನಿಧಾನವಾಗಿ ಸಡಿಲಿಸಿದ. ದೋಣಿ ನೆಟ್ಟಗಾಯಿತು; ಅವಳು ತೂಬು ಮತ್ತೆ ತೆರೆದಾಗ ಕೆಳಗಿಳಿಯಿತು. ಆಳದಿಂದ ಅವನ ದನಿ ಬಂತು: "ಮೊದಲು ಮಾತಾಡಿದ್ದು ನೀನೇ ಅಕ್ಕ. ಭಾನುವಾರ ಊಟಕ್ಕೆ ಬರ್ತೀನಿ. ಉಪ್ಪು ನೋಡ್ಕೊಂಡು ಹಾಕು."

ಕೆಳಗಿನ ಗೇಟು ತೆರೆಯುವಾಗ ತ್ರೂದಾಳಿಗೆ ಹೊಳೆಯಿತು: ಮೂವತ್ತು ವರ್ಷದಲ್ಲಿ ಎರ್ವಿನ್ ಒಂದು ಸಲವೂ ಹಗ್ಗ ಬಿಡುವುದನ್ನು ಮರೆತವನಲ್ಲ.