ಆರ್ವಿಲ್ ಹಗ್ಗ ಬೀಸಿದ ದಿನ

ನಮ್ಮ ವಯೋಮಿಂಗಿನಲ್ಲಿ ಕರುಗಳಿಗೆ ಗುರುತಿನ ಬರೆ ಹಾಕುವ ದಿನ ನೆರೆಹೊರೆಯವರೆಲ್ಲ ಬಂದು ಕೈಜೋಡಿಸುತ್ತಾರೆ. ಕುದುರೆ ಮೇಲೆ ಕೂತು ಹಗ್ಗ ಬೀಸಿ ಕರು ಹಿಡಿಯುವವರು ಯಾರೆಂದು ಹೇಳುವುದು ಮಾತ್ರ ದನದ ಒಡೆಯರು. ಉಳಿದವರು ಕೆಳಗೆ ನಿಂತು ಕರು ಅದುಮಬೇಕು, ಲಸಿಕೆ ಚುಚ್ಚಬೇಕು. ವಯಸ್ಸಾದವನ ಕೈಗೆ ಒಮ್ಮೆ ಆ ಸೂಜಿ ಬಂತೆಂದರೆ ಮುಗಿಯಿತು, ಮತ್ತೆ ಹಗ್ಗ ಸಿಗುವುದಿಲ್ಲ.

ನನ್ನ ಗಂಡ ಆರ್ವಿಲ್‌ಗೆ ಎಂಬತ್ತು ದಾಟಿದೆ. ಹರೆಯದಲ್ಲಿ ರೋಡಿಯೋ ಪಂದ್ಯಗಳಲ್ಲಿ ಹಗ್ಗ ಬೀಸಿ ಹೆಸರು ಮಾಡಿದವನು. ಚಳಿಗಾಲದಲ್ಲಿ ಸೊಂಟದ ಆಪರೇಷನ್ ಆಯಿತು. ಡಾಕ್ಟರು ಬೇಡ ಅಂದರು, ಮಗಳು ಬೇಡ ಅಂದಳು. ಈ ಮಹಾಶಯ ಮಾತ್ರ ದಿನವೂ ಬೇಲಿಗೂಟಕ್ಕೆ ಕುಣಿಕೆ ಎಸೆಯುತ್ತಿದ್ದ. ದನ ನನ್ನ ಅಪ್ಪನಿಂದ ಬಂದದ್ದು, ಹಾಗಾಗಿ ಹೆಸರು ಕೂಗುವವಳು ನಾನೇ. ಬರೆ ಹಾಕುವ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತ, ನನ್ನ ಮುಖ ನೋಡದೆ ಕೇಳಿದ:

"ಇವತ್ತು ನನ್ ಕೈಗೆ ಏನ್ ಕೊಡ್ತೀಯಾ, ನೀಟಾ?"

"ಬಾಯ್ಮುಚ್ಕೊಂಡು ತಿಂಡಿ ತಿನ್ನು," ಅಂದೆ. ಹೆದರಿಕೆ ನನಗೆ. ಬಿದ್ದರೆ ಎತ್ತುವವರ್ಯಾರು?

ಆದರೂ ದೊಡ್ಡಿಯಲ್ಲಿ ಮೊದಲು ಬಾಯಿಗೆ ಬಂದದ್ದು ಅವನ ಹೆಸರೇ.

ಮೊದಲ ಕುಣಿಕೆ ಮಣ್ಣಿಗೆ ಬಿತ್ತು. ಎರಡನೆಯದೂ ಬಿತ್ತು. ಆಮೇಲಿನದೂ ಅಷ್ಟೇ. ಬೇರೆ ಯಾರಾದರೂ ಹೀಗೆ ತಪ್ಪಿದ್ದರೆ ಜನ ಮಾನ ಹರಾಜು ಹಾಕುತ್ತಿದ್ದರು. ಇವತ್ತು ಎಲ್ಲರೂ ಗಪ್‌ಚುಪ್. ಪಕ್ಕದ ರ‍್ಯಾಂಚಿನ ಡೆಲ್ಬರ್ಟ್, ಹೆತ್ತ ತಾಯಿಯನ್ನೂ ಗೇಲಿ ಮಾಡದೆ ಬಿಡದವನು, ಮೆಲ್ಲಗೆ, "ಪರವಾಗಿಲ್ಲ ಆರ್ವಿಲ್, ನಿಧಾನ ಮಾಡಪ್ಪ," ಅಂದ.

ಆರ್ವಿಲ್‌ನ ಮುಖ ಬಾಡಿತು. ಹಗ್ಗ ಸುತ್ತಿ ಜೀನಿಗೆ ಕಟ್ಟತೊಡಗಿದ. ನನಗೆ ಸಿಟ್ಟು ನೆತ್ತಿಗೇರಿತು. ಇವರೆಲ್ಲ ಇವನನ್ನು ಆಗಲೇ ಮಣ್ಣು ಮಾಡಿಬಿಟ್ಟರಾ?

"ಏ ಮುದುಕಾ!" ಕಿರುಚಿದೆ. "ಕರು ಹಿಡೀತೀಯೋ, ಇಲ್ಲಾ ಬಟ್ಟೆ ಒಣಗಿಹಾಕೋಕೆ ಹಗ್ಗ ಕಟ್ತಿದ್ದೀಯೋ? ನಮ್ಮಮ್ಮ ಅವತ್ತೇ ಬಡ್ಕೊಂಡ್ಲು, ಇವನು ಬೇಡ ಅಂತ!"

ಎಲ್ಲರೂ ಬೆಪ್ಪಾಗಿ ನನ್ನನ್ನು ನೋಡಿದರು. ಡೆಲ್ಬರ್ಟ್‌ಗೆ ತಡೆಯಲಾಗಲಿಲ್ಲ.

"ಆ ಕರು ಅಜ್ಜಿ ಆಗೋದ್ರೊಳಗೆ ಹಿಡೀತೀಯೇನೋ?"

"ಮುಚ್ಚೋ ಬಾಯಿ!" ಆರ್ವಿಲ್ ಗದರಿದ. "ನಿನ್ ಹೊಟ್ಟೆ ಹೊತ್ತು ಹೊತ್ತು ನಿನ್ ಕುದುರೆ ಬೆನ್ನು ಬಗ್ಗಿದೆ, ಅದನ್ನ ನೋಡ್ಕೋ!"

ಅಲ್ಲಿಂದ ಶುರುವಾಯಿತು. ದೊಡ್ಡಿಯೆಲ್ಲ ಅವನನ್ನು ಆಡಿಕೊಂಡಿತು, ಅವನು ಒಬ್ಬೊಬ್ಬರ ವಂಶವನ್ನೂ ಜಾಲಾಡಿದ. ಇಡೀ ದಿನಕ್ಕೆ ಹಿಡಿದದ್ದು ಎರಡೇ ಕರು, ಅದರಲ್ಲೊಂದಕ್ಕೆ, ಎರಡೂ ಹಿಂಗಾಲಿಗೆ ಬೀಳಬೇಕಾದ ಕುಣಿಕೆ ಒಂದೇ ಕಾಲಿಗೆ ಬಿದ್ದಿತ್ತು.

ಸಂಜೆ ನಾನು ಅವನ ಬೂಟು ಎಳೆಯುವಾಗ ನೋವಿಗೆ ಹಲ್ಲು ಕಚ್ಚಿದ್ದ.

"ಡೆಲ್ಬರ್ಟ್ ನಂಗೆ ಏನಂದ ಕೇಳಿದ್ಯಾ?"

"ಇಲ್ವಲ್ಲ, ಏನಂದ?" ಅಂದೆ. ಕಣ್ಣರಳಿಸಿ ಮೊದಲಿಂದ ಹೇಳತೊಡಗಿದ.