ನೂರಕ್ಕೆ ಮೂರು

ನೂರು ಜನ ನೋಡಿದರೆ ಮೂವರು ಕೊಳ್ಳುತ್ತಿದ್ದರು. ಆನ್‌ಲೈನ್ ಅಂಗಡಿಯಲ್ಲಿ ಅದೇನು ಸಣ್ಣ ಮಾತಲ್ಲ. ದೊಡ್ಡಬಳ್ಳಾಪುರದ ನೇಕಾರರ ಬೀದಿಗೆ ಸೊಸೆಯಾಗಿ ಬಂದ ಎರಡೇ ವರ್ಷಕ್ಕೆ ಧನುಶ್ರೀ ಮನೆಯ ಸೀರೆಗಳ ಫೋಟೊ ತಾನೇ ತೆಗೆದು, ಸೆರಗು ಬೇರೆ, ಅಂಚು ಬೇರೆ ತೋರಿಸಿ, ಮೊಬೈಲಿನಲ್ಲಿ ಮಾರಾಟಕ್ಕಿಟ್ಟಿದ್ದಳು. ಗಂಡ ಶಶಿಕುಮಾರ್ ಸಾಹುಕಾರ ಗೋಪಾಲಪ್ಪನ ಕೂಲಿ ನೇಯ್ಗೆ ಬಿಟ್ಟು, ಎರಡೂ ಮಗ್ಗಗಳಲ್ಲಿ ಅವಳ ಸೀರೆಯನ್ನೇ ನೇಯತೊಡಗಿದ್ದ. ಎಲ್ಲವೂ ನಿಂತಿದ್ದದ್ದು ಆ ಮೂರರ ಮೇಲೆ. ಅದು ಒಂದಕ್ಕಿಳಿದರೆ ಆ ಆನ್‌ಲೈನ್ ಅಂಗಡಿ ನಡೆಸುವ ಕಂಪನಿಯವರು ಅವಳ ಸೀರೆಯ ಪುಟವನ್ನು ಯಾರ ಕಣ್ಣಿಗೂ ಬೀಳದ ಹಿಂದಿನ ಸಾಲಿಗೆ ತಳ್ಳುತ್ತಾರೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನು ಇಪ್ಪತ್ತೇ ದಿನ. ಹಬ್ಬದ ವ್ಯಾಪಾರ ಕೈ ತಪ್ಪಿದರೆ ಮತ್ತೆ ಗೋಪಾಲಪ್ಪನ ಬಾಗಿಲೇ ಗತಿ.

ಒಂದು ಸೋಮವಾರ ದಿನದ ನೋಟಗಳ ಲೆಕ್ಕ ನೂರರಿಂದ ಎಂಟುನೂರಕ್ಕೆ ಹಾರಿತು. ಧನುಶ್ರೀ ಹಿಗ್ಗಿ ಹೀರೇಕಾಯಿಯಾದಳು. ಕೊಂಡವರು? ಇಬ್ಬರು. ಮಂಗಳವಾರ ಸಾವಿರ ನೋಟ, ಕೊಂಡವರು ಒಬ್ಬರು. ಬುಧವಾರ ಅದೂ ಇಲ್ಲ. ಬೆಲೆ ಇಳಿಸಿದಳು, ಫೋಟೊ ಬದಲಿಸಿದಳು. ಊಹೂಂ! ನೋಡಿದವರು ಯಾವ ಊರಿನವರೆಂಬ ಪಟ್ಟಿ ತೆಗೆದಳು. ಹತ್ತರಲ್ಲಿ ಒಂಬತ್ತು ನೋಟ ದೊಡ್ಡಬಳ್ಳಾಪುರದ್ದೇ.

ಬೀದಿಗಿಳಿದಳು. ಎದುರು ಮನೆಯ ಬೈರಮ್ಮ ಜಗಲಿಯ ಮೇಲೆ ಕೂತು ಮೊಬೈಲಿನಲ್ಲಿ ಧನುಶ್ರೀಯ ಸೀರೆಯ ಪುಟವನ್ನೇ ತೆಗೆದು ಮುಚ್ಚಿ, ತೆಗೆದು ಮುಚ್ಚಿ ಮಾಡುತ್ತಿದ್ದಳು.

"ಏನ್ ದೊಡ್ಡಮ್ಮ ಮಾಡ್ತಿದೀರ?"

"ದಿನಾ ಇಪ್ಪತ್ ಸಲ ನೋಡ್ಬೇಕು ಅಂತ ನಿಮ್ಮಾವ ಬೀದಿಗೆಲ್ಲ ಹೇಳವ್ರೆ ಕಣವ್ವ. ನೋಡಕ್ಕೇನು ದುಡ್ಡಾ ಕಾಸಾ?"

ಮಾವ ದೊಡ್ಡವೆಂಕಟಪ್ಪ ಮನೆಯಲ್ಲಿ ನೂಲು ಸುತ್ತುತ್ತಿದ್ದ. ಕೇಳಿದ್ದಕ್ಕೆ ಅವನ ಮುಖ ಅರಳಿತು.

"ಹೊಸ ಅಂಗಡಿ ತೆಗೆದ್ರೆ ಬೀದಿಯೋರೆಲ್ಲ ಮುಂದೆ ನಿಂತು ಗುಂಪು ಮಾಡಲ್ವೇನಮ್ಮ? ಗುಂಪು ಕಂಡ್ರೇ ಗಿರಾಕಿ ಬರೋದು. ಇದಕ್ಕೂ ಹಂಗೇ ಮಾಡ್ಸಿ, ನೋಡ್ದಷ್ಟೂ ಮೇಲೇಳುತ್ತೆ ಅಂತ ಗೋಪಾಲಪ್ಪೋರೇ ಹೇಳಿದ್ರು. ನಮ್ಮೇಲೆ ಸಿಟ್ಟಿಲ್ಲ ಕಣಮ್ಮ ಅವ್ರಿಗೆ."

ಮುದುಕನ ಈ ಪ್ರೀತಿಗೆ ಏನನ್ನಬೇಕು! ಧನುಶ್ರೀಗೆ ಮೈಯೆಲ್ಲ ಉರಿದುಹೋಯಿತು.

"ಮಾವಾ, ಬರೀ ನೋಡಿ ಯಾರೂ ಕೊಳ್ದೆ ಹೋದ್ರೆ ಸೀರೆನೇ ಸರಿಯಿಲ್ಲ ಅನ್ಕೋತಾರೆ ಕಂಪನಿಯೋರು! ಗೋಪಾಲಪ್ಪನೂ ಆನ್‌ಲೈನಲ್ಲಿ ಮಾರ್ತಾರಲ್ಲ, ಗೊತ್ತಿಲ್ದೆ ಹೇಳಿದ್ರಾ?"

"ಹಂಗೆಲ್ಲ ಅನ್ಬೇಡಮ್ಮ. ಮೂವತ್ತು ವರ್ಷ ಅವ್ರ ಅನ್ನ ತಿಂದಿದೀನಿ."

ಆ ಸಂಜೆಯೇ ಶಶಿಕುಮಾರ್ ಮನೆಮನೆಗೂ ಹೋಗಿ ಕೈಮುಗಿದು ನಿಲ್ಲಿಸಿದ. ಏನು ಬಂತು? ನೂರಕ್ಕೆ ಅರ್ಧವೂ ಉಳಿದಿರಲಿಲ್ಲ. ಶುಕ್ರವಾರದ ಹೊತ್ತಿಗೆ ಪುಟ ಎಷ್ಟು ಹುಡುಕಿದರೂ ಸಿಗದಷ್ಟು ಹಿಂದೆ ಬಿದ್ದಿತ್ತು. ಹಬ್ಬ ಬಂತು, ಹೋಯಿತು. ನೇಯ್ದ ಸೀರೆಗಳು ಅಟ್ಟಕ್ಕೇರಿದವು.

ಹಬ್ಬ ಕಳೆದ ಮೇಲೆ ಮಾವ ಸೊಸೆಯನ್ನು ಕರೆದುಕೊಂಡು ಗೋಪಾಲಪ್ಪನ ಅಂಗಡಿಗೆ ಹೋದ. ಶಶಿಕುಮಾರ್ ಮುಖ ತೋರಿಸಲಾರೆನೆಂದು ಮನೆಯಲ್ಲೇ ಉಳಿದ. ದೊಡ್ಡವೆಂಕಟಪ್ಪ ಬಾಗಿಲಲ್ಲೇ ಕೈಮುಗಿದು ನಿಂತ.

"ಬಾರಮ್ಮ," ಎಂದ ಗೋಪಾಲಪ್ಪ, ನಗುನಗುತ್ತಾ. "ನಿನ್ ಡಿಸೈನು ಬೊಂಬಾಟು. ಅದನ್ನೇ ನಂಗೆ ಕೂಲಿಗೆ ನೇಯ್ಕೊಡಿ. ನನ್ ಪುಟಕ್ಕೆ ಫೋಟೊನೂ ನೀನೇ ತೆಗಿ. ಒಂದ್ಮಾತು ವೆಂಕಟಪ್ಪ, ಈ ಸಲ ಬೀದಿಯೋರಿಗೆ ಹೇಳ್ಬಿಡು. ಕೊಳ್ಳೋರು ಬಿಟ್ಟು ಬೇರೆ ಯಾರೂ ನನ್ ಪುಟ ತೆಗೀಬಾರ್ದು. ಬರೀ ನೋಡಿದ್ರೆ ಪುಟ ಬಿದ್ದೋಗುತ್ತೆ."

ಮಾವನಿಗೆ ಆಗ ಅರ್ಥವಾಯಿತು. ಬಾಯಿ ತೆರೆದವನು ಸೊಸೆಯ ಕಡೆ ನೋಡಿದ. ಮುಗಿದ ಕೈ ಮಾತ್ರ ಇಳಿಯಲಿಲ್ಲ.

"ಆಗ್ಲಿ ಸಾವ್ಕಾರ್ರೇ, ಹೇಳ್ತೀನಿ," ಎಂದ.