ನೋಡಿದೆ, ಒಪ್ಪಿದೆ

ನಿವೃತ್ತರಾಗಿ ಆರು ವರ್ಷವಾದರೂ ನಮ್ಮ ಸಾಹೇಬರಿಗೆ ಕಚೇರಿಯ ಚಟ ಬಿಟ್ಟಿರಲಿಲ್ಲ. ಫೈಲು ಬಂದರೆ ಬಿಚ್ಚಿ ನೋಡುವ ಗೋಜಿಗೇ ಹೋಗದೆ ‘ನೋಡಿದೆ, ಒಪ್ಪಿದೆ’ ಅಂತ ಗೀಚಿ ತಳ್ಳುತ್ತಿದ್ದ ಮಹಾನುಭಾವರು, ಈಗ ಇಮೇಲಿಗೂ ಅದನ್ನೇ ಬರೆಯುತ್ತಿದ್ದರು.

ಹೋದ ವಾರ ತಂಗಿಯಿಂದ ಮೇಲ್ ಬಂದಿತ್ತು. ‘ಅಣ್ಣ, ಜೊತೆಗಿರೋ ಕಾಗದ ಓದು. ನೀನು ಹೇಳಿದ ಹಾಗೆ ಕೇಳ್ತೀನಿ.’ ಅಷ್ಟೇ. ಕೆಳಗೆ ಕಾಗದವೂ ಇಲ್ಲ, ಕಸವೂ ಇಲ್ಲ. ಕಾಣಿಸುತ್ತಿಲ್ಲ ಅಂತ ಹೇಳಿದರೆ ಮರ್ಯಾದೆ ಏನಾಗಬೇಕು? ಸಾಹೇಬರು ಠೀವಿಯಿಂದ ‘ನೋಡಿದೆ, ಒಪ್ಪಿದೆ’ ಅಂತ ಕುಟ್ಟಿ ಕಳಿಸಿದರು.

ಇವತ್ತು ಬೆಳಿಗ್ಗೆ ತಂಗಿ ಫೋನಿನಲ್ಲಿ ಅಳುತ್ತಾ ನಗುತ್ತಾ, “ಹನ್ನೊಂದಕ್ಕೆ ಇಬ್ಬರೂ ಬರ್ತೀವಿ ಅಣ್ಣ” ಅಂದಳು. ಸಾಹೇಬರು ಫೋನಿಟ್ಟು ಲೆಕ್ಕ ಹಾಕಿದರು. ಇಬ್ಬರು ಅಂದರೆ ಯಾರು? ಅವಳ ಗಂಡ ತೀರಿಕೊಂಡು ಒಂಬತ್ತು ವರ್ಷ, ಮಕ್ಕಳಿಲ್ಲ. ತಾವು ಒಪ್ಪಿದ್ದಾದರೂ ಏನನ್ನು?

ಸೊಸೆಯನ್ನು ಕೂಗಿದರು. ಅವಳು ಒದ್ದೆ ಕೈ ಒರೆಸಿಕೊಂಡು ಬಂದು ಕೂತಳು. ಮೇಲ್ ಪ್ರೋಗ್ರಾಮನ್ನು ಮುಚ್ಚಿ ತೆರೆದಳು. ಊಹೂಂ. ಕಂಪ್ಯೂಟರನ್ನೇ ಆಫ್ ಮಾಡಿ ಆನ್ ಮಾಡಿದಳು. ಜಪ್ಪಯ್ಯ ಅಂದರೂ ಬರಲಿಲ್ಲ. ಕೊನೆಗೆ ಸೆಟ್ಟಿಂಗ್ಸ್ ಒಳಗೆ ತಡಕಾಡಿದಳು.

“ಮಾವ, ಅಟ್ಯಾಚ್‌ಮೆಂಟ್ ತೋರಿಸು ಅನ್ನೋ ಕಡೆ ಟಿಕ್ಕೇ ತೆಗೆದುಬಿಟ್ಟಿದೀರಲ್ಲ.”

“ಪರದೆ ಗಿಜಿಗಿಜಿ ಅಂತಿತ್ತಮ್ಮ.”

“ಒಳ್ಳೇ ಕೆಲಸ ಮಾಡಿದ್ರಿ ಬಿಡಿ.”

ಟಿಕ್ ಹಾಕಿದ್ದೇ ತಡ, ಎರಡು ಪುಟದ ಕಾಗದ ಕಾಣಿಸಿಕೊಂಡಿತು. ತಂಗಿ ಮದುವೆಯಾಗಬೇಕು ಅಂದುಕೊಂಡಿದ್ದಳು. ಅದೂ ಸಾಹೇಬರ ಕಚೇರಿಯ ರೆಕಾರ್ಡ್ ರೂಮಿನ ಗುಮಾಸ್ತನನ್ನು! ಸಹಿಯಾದ ಫೈಲುಗಳನ್ನೆಲ್ಲ ‘ದಯವಿಟ್ಟು ಓದಿ ಸಹಿ ಮಾಡಿ’ ಅಂತ ಚೀಟಿ ಅಂಟಿಸಿ ವಾಪಸ್ ಕಳಿಸುತ್ತಿದ್ದ ಆಸಾಮಿ. ಸಾಹೇಬರು ಅವನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು.

“ಹೋಗಿ ಹೋಗಿ ಅವನೇ ಬೇಕಿತ್ತಾ ಇವಳಿಗೆ? ಮೊದಲೇ ಓದಿದ್ರೆ ಖಡಾಖಂಡಿತ ಬೇಡ ಅಂತಿದ್ದೆ.”

“ಈಗಲೂ ಹೇಳಬಹುದಲ್ಲ ಮಾವ,” ಅಂದಳು ಸೊಸೆ, ತಣ್ಣಗೆ. “ಬೇಡ ಅಂದ್ರೆ ಇಲ್ಲಿಗೇ ಬಿಡ್ತೀನಿ ಅಂತ ಬರೆದಿದಾರೆ.”

ಅದರ ಕೆಳಗೆ ಇನ್ನೊಂದು ಸಾಲಿತ್ತು. ‘ಒಬ್ಬಳೇ ಊಟಕ್ಕೆ ಕೂತು ಕೂತು ಸಾಕಾಗಿದೆ ಅಣ್ಣ.’ ಸಾಹೇಬರು ಅದನ್ನು ಎರಡು ಸಲ ಓದಿದರು. ಒಂಬತ್ತು ವರ್ಷದಲ್ಲಿ ಒಂದು ದಿನವೂ ತಾವು ಕೇಳಿರಲಿಲ್ಲ.

ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ತಂಗಿ, ಅವಳ ಹಿಂದೆ, ಇಸ್ತ್ರಿ ಮಾಡಿದ ಅಂಗಿಯಲ್ಲಿ ಬೆವರುತ್ತಾ ಗುಮಾಸ್ತ.

“ನೀನು ಒಪ್ತೀಯ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ ಅಣ್ಣ.”

ಸಾಹೇಬರಿಗೆ ಸುಮ್ಮನಿರಲು ಆಗಲಿಲ್ಲ. “ಸುಳ್ಳು ಹೇಳಲ್ಲಮ್ಮ. ಅವತ್ತು ನಾನು ನಿನ್ನ ಕಾಗದ ಓದೇ ಇರಲಿಲ್ಲ.”

ತಂಗಿಯ ಮುಖ ಬಾಡಿತು. ಗುಮಾಸ್ತ ನೆಲ ನೋಡಿದ. “ಹಾಗಾದ್ರೆ…” ಅಂದಳು.

“ಈಗ ಓದಿದೆ. ಎರಡೂ ಪುಟ.” ಸಾಹೇಬರು ಬಾಗಿಲು ಪೂರ್ತಿ ತೆಗೆದು, ಅವಳ ಹಿಂದೆ ನಿಂತವನನ್ನು ನೋಡಿದರು. “ಬಿಸಿಲಲ್ಲಿ ಯಾಕೆ ನಿಂತ್ರಿ? ಒಳಗೆ ಬನ್ನಿ ಭಾವ.”